ಹಲಗೆಯ ಮೂಲೆಯ ಚೌಕ

ಮೇಷ್ಟ್ರು ಯಾವುದೋ ಕೆಲಸಕ್ಕೆ ಆಫೀಸು ಕೋಣೆಗೆ ಹೋದ ಕೂಡಲೇ ತರಗತಿಯ ಮಾನಿಟರ್ ಎದ್ದು ಬಂದು, ಕರಿಹಲಗೆಯ ಬಲಮೂಲೆಯಲ್ಲೊಂದು ಚೌಕ ಎಳೆದು, ಅದರ ನೆತ್ತಿಯ ಮೇಲೆ ‘ಮಾತಾಡಿದವರು’ ಎಂದು ಬರೆದು, ಸೀಮೆಸುಣ್ಣ ಹಿಡಿದು ಕಾವಲು ನಿಲ್ಲುವ ಪದ್ಧತಿಯನ್ನು ಕನ್ನಡ ಶಾಲೆಯಲ್ಲಿ ಓದಿದ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಒಮ್ಮೆ ಮಾತಾಡಿದರೆ ಹೆಸರು, ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಇಂಟು, ಅದಕ್ಕೂ ಬಗ್ಗದವನಿಗೆ ‘ತುಂಬಾ ಮಾತು’ ಎಂಬ ಬಿರುದು. ಹುಡುಗನಾಗಿದ್ದಾಗ ನಾನು ಆ ಚೌಕದೊಳಗೂ ಇದ್ದೆ, ಚೌಕ ಎಳೆಯುವವನೂ ಆಗಿದ್ದೆ. ಮೇಷ್ಟ್ರಾದ ಮೇಲೆ 15 ವರ್ಷ ಅದನ್ನೇ ಯೋಚನೆಯಿಲ್ಲದೆ ಮುಂದುವರಿಸಿಕೊಂಡು ಬಂದೆ.

ಯೋಚನೆ ಹತ್ತಿಸಿದವನು ಒಬ್ಬ ಹುಡುಗ. ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆಗ ನಾನು ಐದನೇ ತರಗತಿಗೆ ಗಣಿತ ತೆಗೆದುಕೊಳ್ಳುತ್ತಿದ್ದೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಲಗೆಯ ಮೇಲೆ ಬೇಕಾದಷ್ಟು ಸಲ ಬರೆಸಿದ್ದೇನೆ. ಪಕ್ಕದವನ ಜಾಮಿಟ್ರಿ ಬಾಕ್ಸ್ ಎಳೆದು ಬೀಳಿಸುವುದು, ಮುಂದೆ ಕುಳಿತ ಹುಡುಗಿಯ ಜಡೆಗೆ ಕಡ್ಡಿ ಸಿಕ್ಕಿಸುವುದು, ನಾನು ಹಲಗೆಯ ಕಡೆ ತಿರುಗಿದ ಕೂಡಲೇ ಹುಂಜದಂತೆ ಕೂಗುವುದು, ಮನಸ್ಸು ಬಂದಾಗ ಎದ್ದು ಹೊರನಡೆಯುವುದು, ತಿಂಗಳಿಗೊಮ್ಮೆಯಾದರೂ ಯಾರಿಗಾದರೂ ಮೂಗಿನಲ್ಲಿ ರಕ್ತ ಬರುವಂತೆ ಗುದ್ದುವುದು, ಇವು ಅವನ ನಿತ್ಯದ ಕಾರ್ಯಕ್ರಮಗಳಾಗಿದ್ದವು. ಒಂದು ದಿನ ಕ್ಷೀರಭಾಗ್ಯದ ಹಾಲಿನ ಪುಡಿಯ ಲೆಕ್ಕ ಬರೆಯಲು ಹೋದವನು ಬೇಗನೆ ಮರಳಿ ಬಂದು, ಒಳಗಿನ ಗದ್ದಲ ಕೇಳಿ ಕಿಟಕಿಯ ಬಳಿಯೇ ನಿಂತೆ. ಮಾನಿಟರ್ ಹುಡುಗಿ ಚೌಕದೊಳಗೆ ಇನ್ಯಾರದೋ ಹೆಸರು ಬರೆದಿದ್ದಳು. ಇವನು ಅವಳ ಪಕ್ಕಕ್ಕೇ ಹೋಗಿ, ಬೆರಳಿನಿಂದ ಹಲಗೆ ತಟ್ಟುತ್ತ ಜಗಳ ತೆಗೆದಿದ್ದ: “ಏಯ್, ನನ್ನೆಸ್ರು ಮೇಲ್ ಬರಿ. ಯಾವಾಗ್ಲೂ ನಂದೇ ಅಲ್ವಾ ಫಸ್ಟು!”

ಮಗ್ಗಿಯಲ್ಲಾಗಲಿ, ಕಾಗುಣಿತದಲ್ಲಾಗಲಿ, ಪ್ರತಿಭಾ ಕಾರಂಜಿಯ ವೇದಿಕೆಯಲ್ಲಾಗಲಿ ಸಿಗದ ಮೊದಲ ಸ್ಥಾನ ಅವನಿಗೆ ಆ ಚೌಕದಲ್ಲಿ ಸಿಕ್ಕಿತ್ತು. ಅದನ್ನು ದಿನವೂ ತಪ್ಪದೆ ಕೊಡುತ್ತಿದ್ದವನು ನಾನು.

ಡಿ.ಎಡ್. ಓದುವಾಗ ಶೈಕ್ಷಣಿಕ ಮನೋವಿಜ್ಞಾನವೆಂದರೆ ನಮಗೊಂದು ಮೃಗಾಲಯವಾಗಿತ್ತು, ಕಲಿಕೆಯ ಪ್ರಯೋಗಗಳಿಗೆ ವಿಜ್ಞಾನಿಗಳು ಬಳಸಿದ ಪ್ರಾಣಿಗಳದ್ದು: ಪಾವ್ಲೋವನ ನಾಯಿ, ಥಾರ್ನ್‌ಡೈಕನ ಬೆಕ್ಕು, ಕೊಹ್ಲರನ ಚಿಂಪಾಂಜಿ, ಸ್ಕಿನ್ನರನ ಇಲಿ ಮತ್ತು ಪಾರಿವಾಳ. ಸಿದ್ಧತಾ ನಿಯಮ, ಅಭ್ಯಾಸ ನಿಯಮ, ಪರಿಣಾಮ ನಿಯಮ ಎಂದು ಉರುಹೊಡೆದು ಅಂಕ ತೆಗೆದುಕೊಂಡೆವು. ಬೆಕ್ಕಿಗೂ ನಮ್ಮ ಮುಂದೆ ಕೂರಲಿರುವ ಮಕ್ಕಳಿಗೂ ಏನು ಸಂಬಂಧ ಎಂದು ಕೇಳುವ ಪ್ರಶ್ನೆ ಪತ್ರಿಕೆಯಲ್ಲಿ ಬರಲಿಲ್ಲ, ನಮಗೂ ಹೊಳೆಯಲಿಲ್ಲ. 1898ರಲ್ಲಿ ಥಾರ್ನ್‌ಡೈಕ್ ತನ್ನ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಕಂಡುಕೊಂಡದ್ದು ಸರಳವಾದ ಸಂಗತಿ: ಯಾವ ಕ್ರಿಯೆಯ ಬೆನ್ನಿಗೆ ತೃಪ್ತಿ ಬಂತೋ ಆ ಕ್ರಿಯೆ ಮರುಕಳಿಸುತ್ತದೆ. ಸ್ಕಿನ್ನರ್ ಇದನ್ನು ಇನ್ನಷ್ಟು ಬಿಗಿ ಮಾಡಿದ. ಒಂದು ನಡತೆಯ ಹಿಂದೆಯೇ ಬಂದ ಯಾವುದು ಆ ನಡತೆಯನ್ನು ಮತ್ತೆ ಮತ್ತೆ ಆಗುವಂತೆ ಮಾಡುತ್ತದೋ ಅದು ಪುನರ್ಬಲಕ. ಅದನ್ನು ಕೊಟ್ಟವನ ಉದ್ದೇಶವೇನಿತ್ತು ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ. ನಾನು ಬೈಗುಳವೆಂದುಕೊಂಡು ಕೊಟ್ಟದ್ದು ಅವನಿಗೆ ಬಹುಮಾನವಾಗಿ ಮುಟ್ಟುತ್ತಿದ್ದರೆ ಅದು ಬಹುಮಾನವೇ. ಹೀಗೆ ಏನನ್ನಾದರೂ ಕೊಟ್ಟು ನಡತೆಯನ್ನು ಗಟ್ಟಿ ಮಾಡುವುದಕ್ಕೆ ಇರುವ ಧನಾತ್ಮಕ ಪುನರ್ಬಲನ ಎಂಬ ಭಾರವಾದ ಪದವನ್ನು ಕೇಳಿದಾಗ ನಮ್ಮಲ್ಲಿ ಬಹಳ ಜನ ಅದನ್ನು ಸ್ಟಾರ್, ಚಾಕೊಲೇಟ್, ಚಪ್ಪಾಳೆ ಎಂದು ತಿಳಿದು, ‘ನಮ್ಮ ಕ್ಲಾಸಿನಲ್ಲಿ ಅವೆಲ್ಲ ಇಲ್ಲಪ್ಪ’ ಎನ್ನುತ್ತಾರೆ. ನನ್ನ ತರಗತಿಯಲ್ಲಿ ಅದು 15 ವರ್ಷದಿಂದ ಎಡೆಬಿಡದೆ ನಡೆದಿತ್ತು. ಯಾವ ನಡತೆಗೆ ಯಾರಿಗೆ ಏನು ಸಿಗುತ್ತಿದೆ ಎಂದು ನೋಡಿರಲಿಲ್ಲ, ಅಷ್ಟೆ.

ಅದರಲ್ಲಿ ನಾನೊಬ್ಬನೇ ಅಲ್ಲ ಎಂಬುದಕ್ಕೆ ಹಳೆಯ ಸಾಕ್ಷಿಯಿದೆ. 1968ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ನಡೆದದ್ದು ಒಂದನೇ ತರಗತಿಯಲ್ಲಿ; 48 ಮಕ್ಕಳು, ಇಬ್ಬರು ಶಿಕ್ಷಕರು, ಅಂದರೆ ನಮಗೂ ಪರಿಚಯವಿರುವ ಜಂಗುಳಿ. ಎದ್ದು ಓಡಾಡುವ ಮಕ್ಕಳಿಗೆ ‘ಕೂತ್ಕೊಳ್ಳಿ’ ಎಂದು ಹೇಳುವುದನ್ನು ಶಿಕ್ಷಕರು ಹೆಚ್ಚಿಸಿದಾಗ ಎದ್ದು ನಿಲ್ಲುವುದೂ ಹೆಚ್ಚಾಯಿತು. ಕುಳಿತು ಕೆಲಸ ಮಾಡುತ್ತಿದ್ದವರನ್ನು ಮೆಚ್ಚಿ ಮಾತಾಡಿದಾಗ ನಿಲ್ಲುವುದು ತಗ್ಗಿತು. ಇದರಲ್ಲಿ ನನಗೆ ಬಹಳ ಹಿಡಿಸಿದ್ದು, ಅಥವಾ ಚುಚ್ಚಿದ್ದು, ಇನ್ನೊಂದು ವಿಷಯ: ‘ಕೂತ್ಕೊಳ್ಳಿ’ ಎಂದಾಗ ಮಕ್ಕಳು ಆ ಕ್ಷಣಕ್ಕೆ ನಿಜವಾಗಿಯೂ ಕೂರುತ್ತಿದ್ದರು. ಬಲೆ ಇರುವುದೇ ಅಲ್ಲಿ. ನಾನು ಕಿರುಚಿದೆ, ಹುಡುಗ ಅರ್ಧ ನಿಮಿಷ ಸುಮ್ಮನಾದ, ನನ್ನ ಕಿವಿಗೆ ನೆಮ್ಮದಿ ಸಿಕ್ಕಿತು. ಆ ನೆಮ್ಮದಿ ನನ್ನ ಕಿರುಚಾಟಕ್ಕೆ ಸಿಕ್ಕ ಪುನರ್ಬಲನ. ಕಾಟ ನಿಂತದ್ದರಿಂದ ನಡತೆ ಗಟ್ಟಿಯಾಗುವುದನ್ನು ಋಣಾತ್ಮಕ ಪುನರ್ಬಲನ ಎನ್ನುತ್ತಾರೆ. ಪರೀಕ್ಷೆಯಲ್ಲಿ ನಾವೆಲ್ಲರೂ ಅದನ್ನು ಶಿಕ್ಷೆ ಎಂದು ತಪ್ಪಾಗಿ ಬರೆದು ಬಂದವರು. ಹೀಗೆ ಅವನು ನನ್ನ ಗಮನಕ್ಕಾಗಿ ಕೂಗಲು ಕಲಿತ, ನಾನು ಅವನ ಅರ್ಧ ನಿಮಿಷದ ಮೌನಕ್ಕಾಗಿ ಕಿರುಚಲು ಕಲಿತೆ. ಯಾರು ಯಾರನ್ನು ಪಳಗಿಸುತ್ತಿದ್ದರು ಎಂದು ಕೇಳಿದರೆ, ಅವನ ಕಡೆಯೇ ಸ್ವಲ್ಪ ತೂಕ ಹೆಚ್ಚಿತ್ತು ಎನ್ನಬೇಕು.

ಅವನ ತಂದೆ ತಾಯಿ ಬೆಂಗಳೂರಿನಲ್ಲಿ ದುಡಿಯುತ್ತಿದ್ದರು, ಹುಡುಗ ಅಜ್ಜಿಯ ಜೊತೆಗಿದ್ದ. ಮೊದಲ ಸಲ ದೂರು ಹೇಳಲು ಕರೆಸಿದಾಗ ಆಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತು, “ಕಣ್ಣೊಂದ್ ಬಿಟ್ಟು ಎಲ್ಲಾದ್ರೂ ಒಡೀರಿ ಮೇಷ್ಟ್ರೇ, ನಾನೇನೂ ಕೇಳಕ್ಕೆ ಬರಾಕಿಲ್ಲ” ಎಂದರು. ಈ ಮಾತನ್ನು ಕೇಳದ ಮೇಷ್ಟ್ರು ನಮ್ಮ ಸೀಮೆಯಲ್ಲಿಲ್ಲ. ಅದು ಕ್ರೌರ್ಯದ ಮಾತಲ್ಲ, ಮಗುವನ್ನು ಪೂರ್ತಿಯಾಗಿ ನಂಬಿ ಒಪ್ಪಿಸುವ ಮಾತು. ಒಪ್ಪಿಸುವ ಬಗೆ ಮಾತ್ರ ಹಾಗೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಒಟ್ಟಿಗೇ ನಿಷೇಧಿಸಿ, ಆ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಬಿಡುವಿನ ವೇಳೆಯಲ್ಲಿ ಚಹಾ ಕುಡಿಯುತ್ತ ನಾವು ಆಡಿಕೊಂಡ ಮಾತು ಇಷ್ಟೇ: ಕೋಲು ಕಿತ್ತುಕೊಂಡರು, ಕೈಗೆ ಬೇರೇನೂ ಕೊಡಲಿಲ್ಲ. ದೂರಿನಲ್ಲಿ ನಿಜವಿತ್ತು. ಆದರೆ ಕೋಲು ಬಿಟ್ಟ ನಮ್ಮಲ್ಲಿ ಅನೇಕರು ಅದರ ಕೆಲಸವನ್ನು ನಾಲಿಗೆಗೆ ವಹಿಸಿದೆವು, ಉಳಿದದ್ದನ್ನು ಬಸ್ಕಿಗೆ ಮತ್ತು ಹೊಸ್ತಿಲಾಚೆಗೆ ವಹಿಸಿದೆವು. ಸೆಕ್ಷನ್ನಿನ ಎರಡನೆಯ ಅರ್ಧವನ್ನು ಯಾರೂ ಗಟ್ಟಿಯಾಗಿ ಓದಲಿಲ್ಲ.

ಹಲಗೆಯ ಜಗಳ ಕಂಡ ವಾರದಲ್ಲಿ ನಾನು ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಮೂರು ಅಂಕಣ ಎಳೆದೆ. ಮೊದಲನೆಯದರಲ್ಲಿ ಗಲಾಟೆಗೆ ಮುಂಚೆ ಏನು ನಡೆಯುತ್ತಿತ್ತು, ಎರಡನೆಯದರಲ್ಲಿ ಅವನು ಮಾಡಿದ್ದೇನು, ಮೂರನೆಯದರಲ್ಲಿ ಆಮೇಲೆ ನಾನು ಮಾಡಿದ್ದೇನು. ಎರಡು ವಾರ ಬರೆದೆ. ಮೂರನೆಯ ಅಂಕಣವನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಹೀಗಿತ್ತು: ಕೂಗಿದೆ. ಕೂಗಿದೆ. ಹೊರಗೆ ಕಳಿಸಿದೆ. ಕಿವಿ ಹಿಂಡಿದೆ. ಕೂಗಿದೆ. ಹೊರಗೆ ಕಳಿಸಿದೆ. ಮೊದಲನೆಯ ಅಂಕಣದಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಒಂದೇ ಮಾತು: ‘ಲೆಕ್ಕ ಬರ್ಕೊಳ್ಳಿ ಎಂದೆ’. ಊಟದ ಮೊದಲಿನ ಗಣಿತದ ಪೀರಿಯಡ್ಡು, ಅದರಲ್ಲೂ ಭಾಗಾಕಾರ. ಹಾಗಾದರೆ ಹೊರಗೆ ಕಳಿಸಿದಾಗ ಏನಾಗುತ್ತಿತ್ತು? ಒಂದು ದಿನ ಹಿಂದೆಯೇ ಹೋಗಿ ನೋಡಿದೆ. ಹೊರಗೆ ಹೊಂಗೆಯ ನೆರಳು. ಆಚೆ ಬಿಸಿಯೂಟದ ಅಡುಗೆ ಕೋಣೆಯ ಜಗಲಿ. ಅಲ್ಲಿ ಅಡುಗೆಯವರ ಪಕ್ಕದಲ್ಲಿ ಇವನು ಚಕ್ಕಳಮಕ್ಕಳ ಹಾಕಿಕೊಂಡು ಸಾರಿಗೆ ಹುಣಸೆಹಣ್ಣು ಬಿಡಿಸಿಕೊಡುತ್ತಿದ್ದ. ‘ಬಾರೋ ರಾಜ’ ಎಂದು ಅವರು ಕರೆಯುತ್ತಿದ್ದರು. ಬಿಡಿಸಿದ ಬೀಜಗಳನ್ನು ಚಡ್ಡಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಭಾಗಾಕಾರ ತಪ್ಪಿಸಿಕೊಂಡು, ನೆರಳಲ್ಲಿ ಕುಳಿತು, ರಾಜ ಎನಿಸಿಕೊಳ್ಳುವ ಅವಕಾಶವನ್ನು ನಾನು ವಾರಕ್ಕೆ ನಾಲ್ಕು ಸಲ ಒದಗಿಸಿಕೊಟ್ಟು ಅದಕ್ಕೆ ಶಿಕ್ಷೆ ಎಂದು ಹೆಸರಿಟ್ಟಿದ್ದೆ.

ಒಂದೇ ಹುಡುಗನ ಗಲಾಟೆಗೆ ಎರಡು ಬೇರುಗಳಿದ್ದವು ಎಂಬುದು ಆ ಹಾಳೆಗಳಿಲ್ಲದಿದ್ದರೆ ತಿಳಿಯುತ್ತಿರಲಿಲ್ಲ. ಹುಂಜದ ಕೂಗು ಗಮನಕ್ಕಾಗಿ. ಗುದ್ದಾಟ ಮತ್ತು ಹೊರನಡೆಯುವುದು ಲೆಕ್ಕದಿಂದ ಪಾರಾಗುವುದಕ್ಕಾಗಿ. ಎರಡಕ್ಕೂ ಒಂದೇ ಮದ್ದು ಹಾಕಿದ್ದರೆ ಒಂದು ತಪ್ಪೇ ಆಗುತ್ತಿತ್ತು. ಗಮನ ಬೇಡುವವನನ್ನು ಕಂಡೂ ಕಾಣದಂತಿರುವುದು ಸರಿಯಿರಬಹುದು; ಕೆಲಸದಿಂದ ತಪ್ಪಿಸಿಕೊಳ್ಳುವವನನ್ನು ಕಂಡೂ ಕಾಣದಂತಿದ್ದರೆ ಅವನು ಬಯಸಿದ್ದೇ ಅದು.

ಅವನದೇ ಜೇಬಿನ ಹುಣಸೆ ಬೀಜಗಳಲ್ಲಿ ಹತ್ತನ್ನು ಕೇಳಿ ತೆಗೆದುಕೊಂಡೆ, ಏಕೆಂದು ಹೇಳಲಿಲ್ಲ. ಬೆಳಿಗ್ಗೆ ಹತ್ತೂ ನನ್ನ ಪ್ಯಾಂಟಿನ ಎಡಜೇಬಿನಲ್ಲಿ. ಅವನು ಏನಾದರೂ ಸರಿಯಾಗಿ ಮಾಡಿದ್ದನ್ನು ಗಮನಿಸಿ, ಅದನ್ನು ಬಾಯಿಬಿಟ್ಟು ಹೇಳಿದಾಗಲೆಲ್ಲ ಒಂದು ಬೀಜ ಬಲಜೇಬಿಗೆ. ಮೊದಲ ದಿನ ಸಂಜೆಯ ಹೊತ್ತಿಗೆ ಎರಡು ಬೀಜ ದಾಟಿದ್ದವು. ಅವನು ಸರಿಯಾಗಿ ಮಾಡಿದ್ದು ಎರಡೇ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ನನ್ನ ಕಣ್ಣು ಹುಡುಕುತ್ತಿದ್ದುದು ಇಡೀ ಪೀರಿಯಡ್ ಸುಮ್ಮನಿರುವ ಒಬ್ಬ ಬೇರೆಯೇ ಹುಡುಗನನ್ನು. ಇವನು ಪುಸ್ತಕ ತೆಗೆದಿದ್ದ, ಪೆನ್ಸಿಲ್ ಚೂಪು ಮಾಡಿದ್ದ, ತಾರೀಖು ಬರೆದಿದ್ದ, ಆಮೇಲೆ ಎದ್ದಿದ್ದ. ಆ ಮೂರನ್ನೂ ನಾನು ನೋಡಿರಲಿಲ್ಲ. ಎದ್ದದ್ದನ್ನು ಮಾತ್ರ ನೋಡಿದ್ದೆ. ಎರಡನೆಯ ವಾರದಿಂದ ಅಳತೆಗೋಲನ್ನು ಇಳಿಸಿದೆ. ತಾರೀಖು ಬರೆದ ಕೂಡಲೇ ಅವನ ಡೆಸ್ಕಿನ ಬಳಿ ಹೋಗಿ ನಿಲ್ಲುವುದು, ಮೊದಲ ಲೆಕ್ಕದ ಮೊದಲ ಸಾಲು ಬರೆದ ಕೂಡಲೇ ಪಕ್ಕದಲ್ಲೊಂದು ರೈಟು ಹಾಕುವುದು. ಅವನು ಗಲಾಟೆ ಮಾಡಿ ನನ್ನನ್ನು ಕರೆಸಿಕೊಳ್ಳುವುದಕ್ಕಿಂತ ಮುಂಚೆ ನಾನೇ ಅಲ್ಲಿಗೆ ಹೋಗಿರಬೇಕು ಎಂಬುದಷ್ಟೇ ಲೆಕ್ಕಾಚಾರ.

ಹುಂಜದ ಕೂಗಿನ ವಿಷಯದಲ್ಲಿ ಮಾತ್ರ ಪುಸ್ತಕದ ಜಾಣತನ ನನ್ನನ್ನು ಮುಳುಗಿಸುವುದರಲ್ಲಿತ್ತು. ಗಮನ ಕೊಡಬೇಡಿ, ತಾನಾಗಿ ನಿಲ್ಲುತ್ತದೆ ಎಂಬ ಉಪದೇಶವನ್ನು ನಂಬಿ ಬೆನ್ನು ತಿರುಗಿಸಿಯೇ ನಿಂತೆ. ಎರಡನೆಯ ದಿನ ಕೂಗು ಜೋರಾಯಿತು. ಮೂರನೆಯ ದಿನ ರೆಕ್ಕೆ ಬಡಿಯುವ ಅಭಿನಯವೂ ಸೇರಿಕೊಂಡಿತು. ಕೊಡುತ್ತಿದ್ದುದನ್ನು ನಿಲ್ಲಿಸಿದರೆ ಬೇಡುವವನ ದನಿ ಮೊದಲು ಏರಿಯೇ ಏರುತ್ತದೆ, ಅಂಗಡಿಯ ಮುಂದೆ ಮಿಠಾಯಿಗೆ ಹಟ ಹಿಡಿದ ಮಗುವಿನ ಹಾಗೆ. ಏರಿದ ಘಳಿಗೆಯಲ್ಲಿ ಸೋತು ಕೊಟ್ಟರೆ, ಅಷ್ಟು ಎತ್ತರಕ್ಕೆ ಕೂಗಬೇಕು ಎಂದು ನಾವೇ ಕಲಿಸಿದಂತಾಗುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು, ನಾನು ಗಮನ ಕೊಡದಿದ್ದರೂ ಉಳಿದ ಮಕ್ಕಳ ನಗು ಅವನಿಗೆ ಧಾರಾಳವಾಗಿ ಸಿಗುತ್ತಿತ್ತು ಎಂಬುದು. ಅದೇ 1968ರಲ್ಲಿ ಮ್ಯಾಡ್‌ಸೆನ್, ಬೆಕರ್ ಮತ್ತು ಥಾಮಸ್ ಎಂಬವರು ಇಬ್ಬರು ಶಿಕ್ಷಕರ ತರಗತಿಗಳಲ್ಲಿ ನೋಡಿ ಹೇಳಿದ್ದೂ ಇದಕ್ಕೆ ಹತ್ತಿರದ ಮಾತು: ಗೋಡೆಗೆ ನಿಯಮಗಳನ್ನು ಅಂಟಿಸಿದ್ದರಿಂದ ಹೆಚ್ಚೇನೂ ಆಗಲಿಲ್ಲ, ಕೆಟ್ಟದ್ದನ್ನು ಕಡೆಗಣಿಸುವುದು ಮತ್ತು ಒಳ್ಳೆಯದನ್ನು ಮೆಚ್ಚುವುದು ಜೊತೆಯಾದಾಗ ಫಲ ಕಂಡಿತು, ಎಲ್ಲದಕ್ಕೂ ಬೀಗದಕೈ ಬಹುಶಃ ಮೆಚ್ಚುಗೆಯೇ. ಆದ್ದರಿಂದ ಹುಂಜ ಕೂಗಿದಾಗ ನಾನು ನಗದೆ ಬರೆಯುತ್ತಿದ್ದವರ ಸಾಲಿಗೆ ಹೋಗಿ ಅವರ ಜೊತೆ ಮಾತಾಡತೊಡಗಿದೆ. ನಗುವವರು ಕಡಿಮೆಯಾದರು. ಸಭಿಕರಿಲ್ಲದ ಹುಂಜ ಮೂರನೆಯ ವಾರದಲ್ಲಿ ಬೇಸತ್ತಿತು.

ಗುದ್ದುವುದನ್ನು ಕಡೆಗಣಿಸಲಾಗದು, ಕಡೆಗಣಿಸಲೂ ಬಾರದು. ಅಲ್ಲಿ ಮಾಡಿಕೊಂಡ ಬದಲಾವಣೆ ಇಷ್ಟು: ಬಿಡಿಸಿ ದೂರ ಕೂರಿಸಿದ ಮೇಲೆ ನನ್ನ ಮೊದಲ ಮಾತು, ಮೊದಲ ನೋಟ ಏಟು ತಿಂದ ಮಗುವಿಗೆ. ಇವನ ಜೊತೆ ಎರಡೇ ವಾಕ್ಯ, ತಗ್ಗಿದ ದನಿಯಲ್ಲಿ. ವಿಚಾರಣೆ, ಸಾಕ್ಷಿ, ಪ್ರವಚನ ಎಲ್ಲ ರದ್ದು. ಅರ್ಧ ಗಂಟೆಯ ವಿಚಾರಣೆಯಲ್ಲಿ ಇಡೀ ತರಗತಿಯ ನಡುವೆ ನಾಯಕನಾಗಿ ನಿಲ್ಲುವ ಸುಖವೂ ಒಂದು ಪುನರ್ಬಲನವೇ ತಾನೇ?

ಮೆಚ್ಚುಗೆಯ ಮಾತೆಂದೆ, ಕನ್ನಡದಲ್ಲಿ ಅದು ಸುಲಭವಲ್ಲ. ಮುಖದ ಮುಂದೆ ಹೊಗಳುವುದು ನಮ್ಮ ಮನೆಗಳಲ್ಲಿ ರೂಢಿಯಿಲ್ಲ, ಮಕ್ಕಳನ್ನಂತೂ ದೃಷ್ಟಿಯಾದೀತೆಂದು ಹೊಗಳುವುದೇ ಇಲ್ಲ. ಬೈಯುವುದಕ್ಕೆ ನಮ್ಮ ನಾಲಿಗೆಯ ಮೇಲೆ ದನ ಕಾಯುವುದರಿಂದ ಹಿಡಿದು ದಂಡಪಿಂಡದ ತನಕ ನೂರು ಮಾತು ಸಾಲುಗಟ್ಟಿ ನಿಂತಿರುತ್ತವೆ. ಮೆಚ್ಚುವುದಕ್ಕೆ ‘ಶಬ್ಬಾಶ್’, ‘ಭೇಷ್’, ‘ಜಾಣ’, ಆಮೇಲೆ ಇಂಗ್ಲಿಷಿನಿಂದ ಎರವಲು ತಂದ ‘ವೆರಿ ಗುಡ್’. ಇವುಗಳಲ್ಲಿ ‘ಜಾಣ’ ಎಂಬುದು ಮೇಲುನೋಟಕ್ಕೆ ಕಾಣುವಷ್ಟು ನಿರಪಾಯವಾದದ್ದಲ್ಲ. 1998ರಲ್ಲಿ ಮುಲ್ಲರ್ ಮತ್ತು ಡ್ವೆಕ್ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿವಂತಿಕೆಗಾಗಿ ಹೊಗಳಿಸಿಕೊಂಡ ಮಕ್ಕಳು ಮುಂದೆ ಸೋಲು ಎದುರಾದಾಗ ಬೇಗ ಕೈಚೆಲ್ಲಿದರು. ಪಟ್ಟ ಶ್ರಮಕ್ಕಾಗಿ ಹೊಗಳಿಸಿಕೊಂಡವರು ಪಟ್ಟು ಹಿಡಿದರು. ಜಾಣ ಎನಿಸಿಕೊಂಡವನಿಗೆ ತಪ್ಪು ಮಾಡುವ ಹಕ್ಕು ಹೋಗಿಬಿಡುತ್ತದೆ. ಹಾಗಾಗಿ ಬಿರುದಿನ ಬದಲು ವರದಿ ಕೊಡುವುದನ್ನು ಅಭ್ಯಾಸ ಮಾಡಿಕೊಂಡೆ: “ಮೂರು ಲೆಕ್ಕದಲ್ಲೂ ಶೇಷ ಬರ್ದಿದೀಯ, ನಿನ್ನೆ ಬಿಟ್ಟಿದ್ದೆ.” ಇದರಲ್ಲಿ ಹೊಗಳಿಕೆಯ ಪದವೇ ಇಲ್ಲ. ಆದರೂ ಅವನು ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಇನ್ನೊಮ್ಮೆ ನೋಡಿಕೊಂಡ. ಇಡೀ ತರಗತಿಗೆ ಕೇಳುವಂತೆ ‘ನೋಡ್ರೋ, ಇವತ್ತು ಎಷ್ಟು ಒಳ್ಳೆ ಹುಡುಗ ಆಗಿದ್ದಾನೆ’ ಎಂದಿದ್ದ ಒಂದು ದಿನ, ಅವನು ತಲೆ ತಗ್ಗಿಸಿ, ಹತ್ತೇ ನಿಮಿಷದಲ್ಲಿ ಪಕ್ಕದವನಿಗೆ ಒದ್ದಿದ್ದ. ಗೆಳೆಯರ ಮುಂದೆ ಮೇಷ್ಟ್ರ ಹೊಗಳಿಕೆಗೆ ಪಾತ್ರನಾಗುವುದು ಆ ವಯಸ್ಸಿನ ಹುಡುಗನಿಗೆ ಮಾನಹಾನಿ ಎಂಬುದನ್ನು ನಾನು ಮರೆತಿದ್ದೆ.

ಸ್ಟಾರ್ ಚಾರ್ಟನ್ನೂ ಮಾಡಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಡ್ರಾಯಿಂಗ್ ಹಾಳೆಯ ಮೇಲೆ ಎಲ್ಲರ ಹೆಸರು, ಹೆಸರಿನ ಮುಂದೆ ಅಂಟಿಸುವ ಬಣ್ಣದ ನಕ್ಷತ್ರಗಳು, ಶನಿವಾರ ಲೆಕ್ಕ. ಮೊದಲ ವಾರ ತರಗತಿ ದೇವಸ್ಥಾನದಷ್ಟು ಶಾಂತವಾಗಿತ್ತು. ಎರಡನೆಯ ವಾರ “ಸಾ, ನಾನೂ ಸುಮ್ನೆ ಕೂತಿದೀನಿ, ಹಾಕಿ ಸಾ” ಎಂಬ ಗದ್ದಲ. ಮೂರನೆಯ ವಾರ, ಎಂದೂ ಗಲಾಟೆ ಮಾಡದ ಎರಡನೇ ಸಾಲಿನ ಹುಡುಗಿಯೊಬ್ಬಳು ಪೀರಿಯಡ್ ಮುಗಿದ ಮೇಲೆ ಮೇಜಿನ ಬಳಿ ಬಂದು, ಕೋಪವಿಲ್ಲದೆ, ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದಳು: “ಅವ್ನು ಒಂದಿನ ಹೊಡೀದಿದ್ರೆ ಎರಡು ಸ್ಟಾರು. ನಾನು ಯಾವತ್ತೂ ಹೊಡ್ದೇ ಇಲ್ವಲ್ಲ ಸಾ?” ನನ್ನಲ್ಲಿ ಉತ್ತರವಿರಲಿಲ್ಲ. ಚಾರ್ಟಿನ ಕೆಳಗೆ ಒಂದೂ ನಕ್ಷತ್ರವಿಲ್ಲದ ಎರಡು ಹೆಸರುಗಳು ಎಲ್ಲರಿಗೂ ಕಾಣುವಂತಿದ್ದವು. ಹಲಗೆಯ ಮೂಲೆಯಿಂದ ಅಳಿಸಿದ ಚೌಕ ಗೋಡೆಗೆ ಬಂದು ಬಣ್ಣ ಬಳಿದುಕೊಂಡು ಕುಳಿತಿತ್ತು. ಇನ್ನೂ ಕೆಟ್ಟದ್ದು ಓದುವ ಮೂಲೆಯಲ್ಲಿ ಆಯಿತು. ಕಥೆ ಪುಸ್ತಕ ಓದಿದವರಿಗೂ ನಕ್ಷತ್ರ ಎಂದು ನಾನೇ ಸಾರಿದ್ದೆ. ಬಿಡುವು ಸಿಕ್ಕಾಗಲೆಲ್ಲ ತಾನಾಗಿ ದಪ್ಪ ಪುಸ್ತಕ ಹಿಡಿದು ಕೂರುತ್ತಿದ್ದ ಹುಡುಗನೊಬ್ಬ ಎಂಟು ಪುಟದ ಪುಸ್ತಕಗಳನ್ನೇ ಆರಿಸಿ ಆರಿಸಿ ಓದತೊಡಗಿದ.

1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಶಿಶುವಿಹಾರದ ಮಕ್ಕಳಲ್ಲಿ ಕಂಡದ್ದು ಇದನ್ನೇ. ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದನ್ನು ಮೊದಲೇ ಪ್ರೀತಿಸುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುವುದಾಗಿ ಮುಂಚೆಯೇ ಹೇಳಿದರು. ಕೆಲವು ದಿನಗಳ ನಂತರ ಪೆನ್ನುಗಳನ್ನು ಸುಮ್ಮನೆ ಮುಂದಿಟ್ಟಾಗ ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಮೊದಲು ಹೇಳದೆ, ಬರೆದಾದ ಮೇಲೆ ಪ್ರಶಸ್ತಿ ಪಡೆದ ಮಕ್ಕಳಲ್ಲಿ ಈ ಇಳಿಕೆ ಇರಲಿಲ್ಲ. ಇದನ್ನು ಹಿಡಿದು ಬಹುಮಾನವೇ ಕೂಡದು ಎಂದು ವಾದಿಸುವವರ ಜೊತೆ ನಾನಿಲ್ಲ. ಭಾಗಾಕಾರವನ್ನು ಒಳಗಿನ ಪ್ರೀತಿಯಿಂದ ಮಾಡುವ ಹುಡುಗನಿಗಾಗಿ ಕಾಯುತ್ತ ಕೂರಲು ವರ್ಷಕ್ಕೆ ಅಷ್ಟೊಂದು ಶಾಲಾ ದಿನಗಳಿಲ್ಲ. ಆದರೆ ತಾನಾಗಿ ಹರಿಯುವ ನೀರಿಗೆ ಪಂಪು ಕೂರಿಸಬಾರದು. ಚಾರ್ಟನ್ನು ದಸರಾ ರಜೆಯಲ್ಲಿ ಬಿಚ್ಚಿ ಅದರ ಹಿಂಬದಿಯಲ್ಲಿ ಕರ್ನಾಟಕದ ನದಿಗಳ ನಕ್ಷೆ ಬರೆಸಿದೆ.

ಇವನ ವಿಷಯದಲ್ಲಿ ಕೆಲಸ ಮಾಡಿದ ಬಹುಮಾನಕ್ಕೆ ಖರ್ಚೇ ಇರಲಿಲ್ಲ. ನಮ್ಮ ಶಾಲೆಯ ಗಂಟೆ ಎಂದರೆ ಜಗಲಿಯ ತೊಲೆಗೆ ತೂಗುಹಾಕಿದ ರೈಲುಕಂಬಿಯ ತುಂಡು ಮತ್ತು ಒಂದು ಕಬ್ಬಿಣದ ಬೋಲ್ಟು. ಹೊರಗೆ ಹೋಗುವುದು, ಸದ್ದು ಮಾಡುವುದು, ಎಲ್ಲರ ಗಮನ ಸೆಳೆಯುವುದು, ಈ ಮೂರು ಆಸೆಗಳೂ ಒಂದೇ ಕೆಲಸದಲ್ಲಿ ತೀರುವ ಜಾಗ ಶಾಲೆಯಲ್ಲಿ ಅದೊಂದೇ. ಎರಡು ಲೆಕ್ಕ ಮುಗಿಸಿ ತೋರಿಸಿದರೆ ಊಟದ ಗಂಟೆ ನೀನು ಹೊಡೆಯಬೇಕು ಎಂದೆ. ಇಷ್ಟವಾದ ಕೆಲಸವನ್ನು ಇಷ್ಟವಿಲ್ಲದ ಕೆಲಸದ ಹಿಂದೆ ಕಟ್ಟಿದರೆ ಎರಡನೆಯದೂ ಸಾಗುತ್ತದೆ ಎಂಬುದನ್ನು 1959ರಲ್ಲಿ ಪ್ರೆಮ್ಯಾಕ್ ಎಂಬ ಮನೋವಿಜ್ಞಾನಿ ಸಿದ್ಧಾಂತವಾಗಿ ಬರೆದ. ಅದಕ್ಕೆ ‘ಅಜ್ಜಿಯ ನಿಯಮ’ ಎಂಬ ಅಡ್ಡಹೆಸರೂ ಇದೆ. ಮುದ್ದೆ ಮುಗಿಸಿದರೆ ಕಥೆ ಹೇಳುತ್ತೇನೆ ಎಂದ ನಮ್ಮ ಅಜ್ಜಿಯರು ಅದಕ್ಕೆ ಹೆಸರಿಡುವ ಗೋಜಿಗೆ ಹೋಗಲಿಲ್ಲ. ಮೊದಲ ದಿನ ಅವನು ಗಂಟೆಯನ್ನು ಎಷ್ಟು ಹೊಡೆದನೆಂದರೆ ಅಡುಗೆ ಕೋಣೆಯಿಂದ ಬೈದುಕೊಂಡೇ ಹೊರಗೆ ಬಂದರು. ಒಂದು ತಿಂಗಳ ಮೇಲೆ ಉಳಿದವರಿಗೂ ಸರದಿ ಬಂತು, ಬರಲೇಬೇಕಿತ್ತು. ಅಷ್ಟರಲ್ಲಿ ಅವನಿಗೆ ದಿನವೂ ಗಂಟೆ ಬೇಕಾಗಿರಲಿಲ್ಲ, ಎಂದೋ ಒಮ್ಮೆ ಸಿಕ್ಕರೆ ಸಾಕಾಗುತ್ತಿತ್ತು.

ಇಷ್ಟಾದರೂ, ಆ ಎರಡು ಲೆಕ್ಕ ಅವನಿಗೆ ಬರುವ ಲೆಕ್ಕವಾಗಿರದಿದ್ದರೆ ಗಂಟೆಯೂ ಬೀಜವೂ ವ್ಯರ್ಥವಾಗುತ್ತಿದ್ದವು. ಮೂರನೇ ಅಂಕಣದಲ್ಲಿ ನನ್ನ ತಪ್ಪು ಕಂಡಿತ್ತು, ಮೊದಲನೇ ಅಂಕಣದಲ್ಲಿ ಅವನ ಕಷ್ಟ ಕಂಡಿತ್ತು. ಅವನಿಗೆ ಆರರ ಮೇಲಿನ ಮಗ್ಗಿ ಬರುತ್ತಿರಲಿಲ್ಲ, ಕಳೆಯುವಾಗ ದಶಕ ತೆಗೆದುಕೊಳ್ಳುವುದು ತಪ್ಪುತ್ತಿತ್ತು. ಮೂರಂಕಿಯ ಭಾಗಾಕಾರ ಅವನ ಮುಂದೆ ಏಣಿಯಿಲ್ಲದ ಅಟ್ಟ. ಏಣಿ ಎಂದಾಗ ನಲಿ-ಕಲಿ ನೆನಪಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿ ನೋಡಿ ಬಂದು ಕಟ್ಟಿದ ಈ ಕ್ರಮದಲ್ಲಿ, ಮಗು ತನ್ನ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಹೋಗುತ್ತದೆ, ಎಷ್ಟು ಏರಿದೆ ಎಂದು ತಾನೇ ನೋಡಿಕೊಳ್ಳುತ್ತದೆ. ಕಾರ್ಡು ಮುಗಿದದ್ದೇ ಅಲ್ಲಿ ಬಹುಮಾನ. ಆ ಕ್ರಮದ ಬಗ್ಗೆ ನಮ್ಮ ದೂರುಗಳು ಏನೇ ಇದ್ದರೂ, ಆ ಏಣಿ ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ಮುಗಿದುಹೋಗಿ ಎಲ್ಲರೂ ಒಂದೇ ದಿನ ಒಂದೇ ಪುಟಕ್ಕೆ ಬಂದು ನಿಲ್ಲಬೇಕಾಗುವುದು ಇಂಥ ಹುಡುಗರಿಗೆ ದೊಡ್ಡ ಎಡವು. ಹಳೆಯ ರಟ್ಟುಗಳನ್ನು ಕತ್ತರಿಸಿ ಅವನಿಗಾಗಿ ಭಾಗಾಕಾರವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಮಾಡಿಕೊಟ್ಟೆ, ಹುಣಸೆ ಬೀಜಗಳನ್ನು ಹಂಚಿ ಮಾಡುವ ಲೆಕ್ಕದಿಂದ ಶುರುಮಾಡಿ. ಒಂದು ಅಂಕಿಯಿಂದ ಭಾಗಿಸಿ ಶೇಷ ಬರೆಯುವಷ್ಟಕ್ಕೆ ಅವನು ಬಂದದ್ದು ಜನವರಿಯಲ್ಲಿ.

ಅವನು ಬದಲಾದ ಎಂದು ಬರೆದು ಮುಗಿಸಲು ಆಸೆಯಾಗುತ್ತದೆ. ನನ್ನ ಪೀರಿಯಡ್ಡುಗಳಲ್ಲಿ ಗುದ್ದಾಟ ಬಹುಮಟ್ಟಿಗೆ ನಿಂತಿತು. ಬೇರೆಯವರ ಪೀರಿಯಡ್ಡುಗಳಲ್ಲಿ ನಿಲ್ಲಲಿಲ್ಲ, ಏಕೆಂದರೆ ಅಲ್ಲಿ ಅವನಿಗೆ ಸಿಗುತ್ತಿದ್ದುದು ಹಳೆಯದೇ. ಇದನ್ನು ಸಹೋದ್ಯೋಗಿಗಳಿಗೆ ಹೇಳಿದಾಗ ಒಬ್ಬರು, “ನೀವು ಅವನಿಗೆ ಲಂಚ ಕೊಟ್ಟು ಕೂರಿಸ್ತೀರ, ಅಷ್ಟೇ ಸಾರ್” ಎಂದರು. ಕೆಟ್ಟ ಕೆಲಸಕ್ಕೆ, ಮುಂಗಡವಾಗಿ ಕೊಟ್ಟರೆ ಲಂಚ. ಮಾಡಿದ ಕೆಲಸಕ್ಕೆ ಆಮೇಲೆ ಸಿಕ್ಕರೆ ಅದಕ್ಕೆ ನಾವು ಪ್ರತಿ ತಿಂಗಳೂ ಬೇರೆ ಹೆಸರಿಟ್ಟು ಬ್ಯಾಂಕಿನಿಂದ ತೆಗೆದುಕೊಳ್ಳುತ್ತೇವೆ ಎಂದೆ. ಅವರು ನಕ್ಕರು, ಒಪ್ಪಲಿಲ್ಲ. ಬೇಸಿಗೆ ರಜೆ ಕಳೆದು ಜೂನ್‌ನಲ್ಲಿ ಆರನೇ ತರಗತಿಗೆ ಬಂದ ಹುಡುಗ ಮೊದಲ ವಾರ ಮತ್ತೆ ಹುಂಜವಾಗಿದ್ದ. ಅಜ್ಜಿಯನ್ನು ಮಾತ್ರ ಇನ್ನೊಮ್ಮೆ ಕರೆಸಿದ್ದೆ, ನವೆಂಬರಿನಲ್ಲಿ, ಅವನ ಗಣಿತದ ಪುಸ್ತಕ ತೋರಿಸಲು. ಓದು ಬಾರದ ಆಕೆ ಕೆಂಪು ರೈಟುಗಳ ಮೇಲೆ ಬೆರಳಾಡಿಸಿ, “ಇದ್ಕೆ ಯಾಕ್ ಕರೆಸಿದ್ರಿ, ಕೂಲಿ ಹೋಯ್ತು” ಎಂದರು. ಎಂದವರು ಪುಸ್ತಕವನ್ನು ಕೂಡಲೇ ಹಿಂದಿರುಗಿಸಲೂ ಇಲ್ಲ.

ಹಲಗೆಯ ಮೂಲೆಯ ಚೌಕವನ್ನು ನನ್ನ ತರಗತಿಯಲ್ಲಿ ಈಗ ಯಾರೂ ಎಳೆಯುವುದಿಲ್ಲ. ಬೀಜಗಳನ್ನು ಬೇರೆ ಬೇರೆ ಮಕ್ಕಳಿಗಾಗಿ ಈಗಲೂ ಇಟ್ಟುಕೊಳ್ಳುತ್ತೇನೆ. ಎರಡು ಸಲ ಒಗೆಯುವ ಬಟ್ಟೆಯ ಜೊತೆ ನೀರಿಗೆ ಬಿದ್ದು ಉಬ್ಬಿದ್ದವು. ಮೊನ್ನೆ ಗುರುವಾರ ಗಣತಿಯ ಕೆಲಸ, ಬಿಸಿಯೂಟದ ಲೆಕ್ಕ, ರಜೆ ಹಾಕಿದ ಸಹೋದ್ಯೋಗಿಯ ತರಗತಿ ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದು, ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಬೆಳಿಗ್ಗೆಯಿಂದ ಗಂಟಲು ಹರಿಯುವಂತೆ ‘ಕೂತ್ಕೊಳ್ರೋ’ ಎನ್ನುತ್ತಲೇ ಇದ್ದೆ. ಸಂಜೆ ಬೈಕಿನ ಕೀಲಿಗಾಗಿ ಎಡಜೇಬಿಗೆ ಕೈ ಹಾಕಿದರೆ ಒಂಬತ್ತು ಬೀಜ ಇನ್ನೂ ಅಲ್ಲೇ ಇದ್ದವು.